ಗಿರಣಿ ಹಿಂದಿನ ಗಿಡ

ಅವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಗಿರಣಿಯ ಬಾಯಿಂದ ಬೀಳುವ ಬಿಸಿ ಹಿಟ್ಟನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ತಿಕ್ಕಿ ನೋಡಿ ಅಲ್ಲಿಯ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ರೇಶನ್ ಅಂಗಡಿಯ ಮಶಿನ್ನಿಗೆ ಅವರು ಯಾರೆಂಬುದೇ ತಿಳಿಯುತ್ತಿರಲಿಲ್ಲ. ಒತ್ತಿದರೆ ಕೆಂಪು ದೀಪ, ಒರೆಸಿ ಒತ್ತಿದರೂ ಕೆಂಪು ದೀಪ. "ಅಣ್ಣಾ, ಇದರ ಪ್ರಕಾರ ನೀ ಈ ಊರಾಗ ಇಲ್ಲೇ ಇಲ್ಲ ನೋಡು" ಎಂದು ಅಂಗಡಿಯವನು ಪ್ರತಿ ತಿಂಗಳೂ ಚ್ಯಾಷ್ಟಿ ಮಾಡುತ್ತಿದ್ದ. ಇವರು ಎಡಗೈ ಕಿರುಬೆರಳು ಒತ್ತಿ, ಚೀಲ ಹೆಗಲಿಗೇರಿಸಿ, "ಕಿರಿಬೆರಳಷ್ಟರೆ ಅದೀನಲ್ಲ, ಸಾಕು" ಎಂದು ಹೊರಬರುತ್ತಿದ್ದರು.

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ನಮ್ಮೂರಲ್ಲಿ ಸಣ್ಣವರು ದೊಡ್ಡವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಗಿರಣಿ ಅಣ್ಣ ಎಂದೇ. ನನಗಿಂತ ಏಳೆಂಟು ವರ್ಷ ದೊಡ್ಡವರು. ಕುರಿ ಕಾಯುವ ಮನೆತನ. ಇಬ್ಬರು ತಮ್ಮಂದಿರು ದೀಪಾವಳಿ ಮುಗಿಯುತ್ತಲೂ ಹೆಂಡಿರು ಮಕ್ಕಳು, ಕುದುರೆ, ನಾಯಿ ಎಲ್ಲ ಕಟ್ಟಿಕೊಂಡು ಕುರಿ ಹೊಡೆದುಕೊಂಡು ಹೊಳೆಸಾಲಿನ ಕಡೆ ಹೋದರೆ, ಮತ್ತೆ ಮಳೆ ಬಿದ್ದಾಗಲೇ ಊರು ಕಾಣುವುದು. ಇವರಿಗೆ ಸಣ್ಣಂದಿನಲ್ಲೇ ಕಾಲು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕುರಿ ಹಿಂದೆ ನಡೆಯಲಾರದ ಗಂಡಿಗೆ ಯಾರೂ ಹೆಣ್ಣು ಕೊಡಲಿಲ್ಲ. ಅಪ್ಪ ಒಂದು ಹಿಟ್ಟಿನ ಗಿರಣಿ ಹಾಕಿಕೊಟ್ಟು "ನೀ ಇಲ್ಲೇ ಕುಂದ್ರು" ಎಂದನಂತೆ. ಅವರು ಕೂತೇ ಬಿಟ್ಟರು. ಗಿರಣಿಗೆ ಹತ್ತಿದ ಒಂದು ಖೋಲಿ, ಒಂದು ಒಲೆ, ಒಂದು ಕಂಬಳಿ, ವರ್ಷದ ಎಂಟು ತಿಂಗಳು ಒಬ್ಬರೇ.

ನಾನು ಅದೇ ಊರಿನ ಕನ್ನಡ ಸಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ ನಿವೃತ್ತಳಾದವಳು, ಊರಿಗೆಲ್ಲ ಬಾಯಾರು. ಮಕ್ಕಳಾಗಲಿಲ್ಲ. ನಮ್ಮ ಮನೆಯವರು ಎಂಟು ವರ್ಷದ ಹಿಂದೆ, ಊಟಕ್ಕೆ ಕೂತವರು ನೀರು ಕೇಳಿ, ನಾನು ತರುವುದರೊಳಗೆ ಹೋಗಿಬಿಟ್ಟರು. ಅವರು ಬಿಟ್ಟುಹೋದ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಐವತ್ತು ದಾಟಿದ ಮೇಲೆ ನಾನು ಅದನ್ನು ನಡೆಸಲು ಕಲಿತೆ. ಊರ ಮಂದಿ ಬಾಗಿಲಿಗೆ ಬಂದು ನಿಂತು ನೋಡಿದರು. ನೋಡಲಿ ಬಿಡು ಎಂದೆ. ಸಂಜೆ ನಾಲ್ಕರ ಮೇಲೆ ಆ ಮನೆಯಲ್ಲಿ ಕೂತರೆ ಗೋಡೆ ಮೈಮೇಲೆ ಬಂದಂತಾಗುತ್ತಿತ್ತು. ಕಾರು ತೆಗೆದುಕೊಂಡು ಗುಡ್ಡಾಪುರಕ್ಕೆ ಹೋಗಿ ದಾನಮ್ಮ ದೇವಿಯ ಮುಂದೆ ಒಂದು ತಾಸು ಕೂತು ಬರುತ್ತಿದ್ದೆ, ತಿಂಗಳಿಗೊಮ್ಮೆ ವಿಜಯಪುರದ ತನಕ ಹೋಗಿ ನನ್ನ ಟ್ರೇನಿಂಗ್ ಕಾಲದ ಗೆಳತಿಯ ಹತ್ತಿರ ಹೊಟ್ಟೆ ತುಂಬ ಮಾತಾಡಿ ಬರುತ್ತಿದ್ದೆ. ಹೇಳಿಕೊಳ್ಳುವಂಥ ಕೆಲಸವೇನೂ ಅಲ್ಲ. ಆದರೆ ಅದಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ.

ಆಮೇಲೆ ಎಡ ಮೊಣಕಾಲು ಕೈಕೊಟ್ಟಿತು. ಮಿರಜದ ಡಾಕ್ಟರು ಎಕ್ಸ್‌ರೇ ನೋಡಿ, "ಈ ಕಾಲಿಲೆ ಇನ್ನ ಕ್ಲಚ್ ತುಳಿಯೋ ಹಂಗಿಲ್ಲ" ಎಂದರು. ಸಾಂಗ್ಲಿಯಲ್ಲಿರುವ ನನ್ನ ತಮ್ಮ ಅದನ್ನೇ ಕಾಯುತ್ತಿದ್ದವನಂತೆ, "ಭಾಳ ಚಲೋ ಆತು ಅಕ್ಕಾ, ಗಾಡಿ ಮಾರಿ ಇಲ್ಲೇ ಬಾ, ಹಿಂದಿನ ಖೋಲಿ ಖಾಲಿ ಐತಿ" ಎಂದ. ಕೆಟ್ಟವನಲ್ಲ, ನನ್ನ ಮೇಲೆ ಜೀವ ಇದೆ. ಆದರೆ ಆ ಖೋಲಿ ನನಗೆ ಗೊತ್ತು. ಅದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ನಮ್ಮವ್ವ ಕೊನೆಯ ಮೂರು ವರ್ಷ ಆ ಗೋಡೆ ನೋಡುತ್ತ ಮಲಗಿದ್ದಳು, ಊಟದ ತಾಟು ಒಳಗೆ ಬರುವ ಹೊತ್ತಷ್ಟೇ ಅವಳಿಗೆ ಮನುಷ್ಯರ ಮುಖ ಕಾಣುತ್ತಿತ್ತು. ನನಗೆ ಆ ಖೋಲಿಗೆ ಹೋಗುವುದು ಬೇಡವಾಗಿತ್ತು. ನನ್ನ ಹಠವೆಲ್ಲ ಇಷ್ಟೇ.

ಕ್ಲಚ್ ಇಲ್ಲದ ಗಾಡಿ ಬೇಕೆಂದು ಹುಡುಕಿ ಹುಡುಕಿ ಕರೆಂಟಿನ ಕಾರು ತಂದೆ. ಮಾರುವ ಹುಡುಗ, "ಮೊಬೈಲ್ ಚಾರ್ಜ್ ಮಾಡಿದಂಗ ಮೇಡಂ, ಮಲಗುಮುಂದ ಹಚ್ಚರಿ, ಎದ್ದಕೂಡಲೆ ತಗೀರಿ" ಎಂದಿದ್ದ. ಅವನ ಬಾಯಿಗೆ ಸಕ್ಕರೆ ಹಾಕಬೇಕು! ಮನೆಗೆ ತಂದು ಹಚ್ಚಿದರೆ ಚಾರ್ಜರಿನ ಡಬ್ಬಿಯ ಮೇಲೆ ಕೆಂಪು ದೀಪ. ತೆಗೆದು ಮತ್ತೆ ಹಚ್ಚಿದೆ, ಕೆಂಪು. ನಮ್ಮದು ಓಣಿಯ ಕಟ್ಟಕಡೆಯ ಮನೆ, ಟ್ರಾನ್ಸ್‌ಫಾರ್ಮರಿನ ಡಿಪಿಯಿಂದ ದೂರ. ನಮ್ಮ ಮಾವನವರ ಕಾಲದ ವಾಯರಿಂಗು. ಬಲ್ಬು ಉರಿಯುತ್ತದೆ, ಫ್ಯಾನು ಮನಸ್ಸು ಬಂದಾಗ ತಿರುಗುತ್ತದೆ, ಕಾರು ಮಾತ್ರ ಒಲ್ಲೆ ಎನ್ನುತ್ತದೆ. ಪೆಟ್ರೋಲ್ ಆದರೆ ಬಾಟಲಿಯಲ್ಲಿ ತುಂಬಿ ಕಿರಾಣಿ ಅಂಗಡಿಯಲ್ಲೂ ಮಾರುತ್ತಾರೆ. ಕರೆಂಟು ಪ್ರತಿ ಮನೆಯಲ್ಲೂ ಇದೆ, ನನ್ನ ಕಾರಿಗಷ್ಟೇ ಇಲ್ಲ. ನಿಮ್ಮಲ್ಲಿ ಹಚ್ಚಿಕೊಳ್ಳಲೇ ಎಂದು ಕೇಳಿದರೆ ಸಾಲೆಯವರು ವರಿಷ್ಠರ ಪರವಾನಗಿ ಬೇಕೆಂದರು, ಪಂಚಾಯತಿಯವರು ಮೀಟಿಂಗಿನಲ್ಲಿ ಇಡುತ್ತೇವೆಂದರು. ಮೂರು ದಿನ ಹೊಸ ಕಾರು ಅಂಗಳದಲ್ಲಿ ನಿಂತೇ ಇತ್ತು. ತಮ್ಮ ಫೋನು ಮಾಡಿದಾಗಲೆಲ್ಲ "ಚಲೋ ಓಡತೈತಿ" ಎಂದು ಸುಳ್ಳು ಹೇಳಿದೆ.

ಮೂರನೆಯ ದಿನ ಜೋಳದ ಡಬ್ಬಿ ಹಿಡಿದು ಗಿರಣಿಗೆ ಹೋದೆ. ಅಣ್ಣ ಹಿಟ್ಟು ತಿಕ್ಕಿ ನೋಡುತ್ತ ನಿಂತಿದ್ದರು.

"ಬಾಯಾರ, ಗಾಡಿ ಅಂಗಳದಾಗ ನಿಂತಬಿಟ್ಟೈತಂತ?"

"ನಿಂತೈತಿ. ಇನ್ನ ಕುಂತಿಲ್ಲ ಅಷ್ಟ!" ಎಂದೆ ಸಿಟ್ಟಿನಲ್ಲಿ.

ಅವರು ನಗಲಿಲ್ಲ. "ನಿಮ್ಮ ಮನಿ ಲೈನಿನ ತುದಿಗೈತಿ. ಅಲ್ಲಿತನಾ ಹೋಗೂದ್ರಾಗ ಕರೆಂಟಿಗೆ ದಣಿವ ಆಗಿರತೈತಿ. ಇಲ್ಲಿ ಡಿಪಿ ಬಾಜೂಕ ಐತಿ. ಮಧ್ಯಾಹ್ನ ಬೀಸೂದು ಮುಗದ ಮ್ಯಾಲೆ ತಗೊಂಡ ಬರ್ರಿ."

ನನಗೆ ಒಂದು ಕೆಟ್ಟ ಚಾಳಿ. ಯಾರಾದರೂ ಒಳ್ಳೆಯದು ಮಾಡಲು ಬಂದರೆ ಮೊದಲು ಜಗಳಕ್ಕೆ ನಿಲ್ಲುತ್ತೇನೆ. "ನೋಡ್ರಿ ಅಣ್ಣಾರ, ನನಗ ಯಾರ ಹಂಗೂ ಬ್ಯಾಡ. ಬಿಲ್ಲ ನಾ ಕೊಡಾಕಿ. ನನ್ನ ಗಾಡಿ ಸಲುವಾಗಿ ಒಬ್ಬರಿಗರೆ ತ್ರಾಸ ಆಗೇತಿ ಅಂತ ಗೊತ್ತಾತಂದ್ರ ಮರುದಿನಾನ ಅದನ್ನ ಮಾರಿ ಸಾಂಗ್ಲಿಗೆ ಹೋಗಿಬಿಡತೇನಿ. ಮೊದಲ ಹೇಳೇನಿ" ಎಂದೆ.

ಅವರು ನನ್ನ ಮುಖ ನೋಡಿ, "ಇದರಾಗ ಏನ ತ್ರಾಸ್ರಿ. ಎತ್ತ ಕಟ್ಟಿದಂಗ. ಗೂಟಾ ಹೆಂಗೂ ಇಲ್ಲೇ ಇರತೈತಿ" ಎಂದರು. ಆ ನನ್ನ ಮಾತನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೆಂದು ನನಗೆ ಅಂದು ಗೊತ್ತಾಗಲಿಲ್ಲ.

ಗಿರಣಿಯಲ್ಲಿ ಹಚ್ಚಿದಾಗಲೂ ಮೊದಲ ದಿನ ಕೆಂಪು ದೀಪವೇ ಬಂತು. ನನಗೆ ಅಳು ತಡೆಯಲಾಗಲಿಲ್ಲ. ಕಣ್ಣಿಗೆ ಹಿಟ್ಟು ಬಿತ್ತೆಂದು ಸೆರಗಿನಲ್ಲಿ ಒರೆಸಿಕೊಂಡೆ. ಅಣ್ಣ ಡಬ್ಬಿಯನ್ನು ಹೊರಳಿಸಿ ಹೊರಳಿಸಿ ನೋಡಿ, "ಇವತ್ತ ಹೋಗ್ರಿ, ನಾಡದ ಬರ್ರಿ" ಎಂದರು. ನಾಡದು ಹೋಗಿ ಹಚ್ಚಿದರೆ ಹಸಿರು! ವಾಯರಮನ್ನನ್ನು ಕರೆಸಿದ್ದರಂತೆ. "ಏನ ಮಾಡಿದಾ?" ಎಂದರೆ, "ಏನೋ ತಂತಿ ಸಡಲಾಗಿತ್ತಂತ, ಬಿಗದಾ" ಎಂದರು. ಕೈ ತೊಳೆಯಲು ಗಿರಣಿಯ ಹಿಂದೆ ಹೋದೆ. ಅಲ್ಲಿ ಗೋಡೆಯ ಬುಡಕ್ಕೆ ಹೊಸದಾಗಿ ಮಣ್ಣು ತೋಡಿ ಮುಚ್ಚಿ, ಸುತ್ತಲೂ ಕಲ್ಲು ಜೋಡಿಸಿ, ಮೇಲೆ ನೀರು ಹಾಕಿದ್ದು ಕಂಡಿತು.

"ಇದೇನ್ರಿ ಅಣ್ಣಾರ?"

"ಗಿಡಾ ಹಚ್ಚೇನಿ."

"ಏನ ಗಿಡಾ?"

"ಬರತೈತಿ, ನೋಡೂಣು."

ಅಂದಿನಿಂದ ನನ್ನ ಕಾರು ಗಿರಣಿಯ ಪಾಳಿಯಲ್ಲಿ ಸೇರಿತು. ನಮ್ಮಲ್ಲಿ ಹೆಂಗಸರು ಪಾಳಿಗೆ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಅಣ್ಣ ಒಂದೊಂದರ ಮುಚ್ಚಳದ ಮೇಲೆ ಸೀಮೆಸುಣ್ಣದ ಖಡುವಿನಿಂದ ನಂಬರು ಬರೆದಿಡುತ್ತಿದ್ದರು. ನನ್ನ ಕಾರು ಬಂದು ನಿಂತರೆ ಅದರ ಮುಂದಿನ ಗಾಜಿನ ಮೇಲೂ ಹದಿನಾಲ್ಕು, ಹದಿನೇಳು ಎಂದು ಬರೆಯುವುದು. ಮೋಟಾರು ಹೊರಳುವ ಹೊತ್ತಿಗೆ ವೋಲ್ಟೇಜು ಧಸಕ್ಕೆಂದು ಇಳಿದು ಚಾರ್ಜರು ಬಂದ್ ಆಗುತ್ತಿತ್ತು. ಅದಕ್ಕೆ ಕೊನೆಯ ಡಬ್ಬಿ ಬೀಸಿದ ಮೇಲೇ ಕಾರಿನ ಪಾಳಿ, ಹೆಚ್ಚುಕಡಿಮೆ ಒಂದು ಗಂಟೆಯಿಂದ ನಾಲ್ಕರ ತನಕ. ನಡುವೆ ಯಾರಾದರೂ ಅವಸರಕ್ಕೆ ಬಂದರೆ "ಬಾಯಾರ, ವಾಯರ ತಗೀರಿ, ಕಲ್ಲ ಹೊಳ್ಳತೈತಿ" ಎಂದು ಕೂಗುತ್ತಿದ್ದರು. ಮೂರು ತಾಸಿನಲ್ಲಿ ಕಾರಿನ ಹೊಟ್ಟೆ ಕಾಲುಭಾಗವೂ ತುಂಬುತ್ತಿರಲಿಲ್ಲ. ವಿಜಯಪುರಕ್ಕೆ ಹೋಗಬೇಕಾದರೆ ಐದು ದಿನ ಮೊದಲೇ ತಯಾರಿ. ಪೆಟ್ರೋಲ್ ಕಾರಿನ ಕಾಲದಲ್ಲಿ ಸೀರೆ ಉಟ್ಟುಕೊಂಡು ಹೊರಡುವುದೇ ನನ್ನ ತಯಾರಿಯಾಗಿತ್ತು.

ಆ ಮೂರು ತಾಸು ನಾನು ಗಿರಣಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಮನೆಗೆ ಹೋಗಿ ಬರಲು ಮೊಣಕಾಲು ಒಪ್ಪುತ್ತಿರಲಿಲ್ಲ ಎಂದು ಹೇಳುತ್ತಿದ್ದೆ. ನಿಜವೆಂದರೆ ಮನೆಗೆ ಹೋಗಲು ನನಗೇ ಮನಸ್ಸಿರಲಿಲ್ಲ. ಅಣ್ಣ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಎದುರಿಗೆ ಕೂತು ತಿನ್ನುತ್ತಿದ್ದರು. ಮೋಟಾರಿನ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ಹೆಂಗಸರು ಏನು ಹೇಳುತ್ತಾರೆಂದು ತುಟಿ ನೋಡಿಯೇ ತಿಳಿಯುವುದು ರೂಢಿಯಾಗಿ, ಗಿರಣಿ ಬಂದ್ ಇದ್ದಾಗಲೂ ಮಾತಾಡುವವರ ಮುಖವನ್ನೇ ನೋಡುತ್ತ ಕೇಳುತ್ತಿದ್ದರು. ನಾನು ಸಾಲೆಯದು, ಮನೆಯವರದು, ಬಿದ್ದ ಕನಸಿನದು, ಏನೇನೋ ಹೇಳುತ್ತಿದ್ದೆ. ನಮ್ಮ ಮನೆಯವರು ಹೋದ ಮೇಲೆ ನಾನು ಮಾತಾಡುವಾಗ ನನ್ನ ಮುಖ ನೋಡಿದವರು ಅವರೊಬ್ಬರೇ. ಬೇರೆಯವರೆಲ್ಲ ಮೊಬೈಲ್ ನೋಡುತ್ತ ಹೂಂ ಎನ್ನುವವರು.

ಅವರು ಆಡುತ್ತಿದ್ದದ್ದು ಕಡಿಮೆ. ಆಡಿದರೆ ಕಲ್ಲಿನ ಮಾತು. "ಕಲ್ಲ ಖಾಲಿ ತಿರಗಬಾರದ್ರಿ ಬಾಯಾರ. ನಡುವ ಕಾಳಿಲ್ಲಂದ್ರ ಕಲ್ಲ ಕಲ್ಲನ್ನ ತಿಂತೈತಿ." ಇದನ್ನು ಎಷ್ಟು ಸಲ ಹೇಳಿದ್ದರೋ. ಡಬ್ಬಿ ಬರುವುದು ಒಂದು ಚಣ ತಡವಾದರೂ ಕಲ್ಲು ತಿರುಗಿಸುವ ಪಟ್ಟಾ ಇಳಿಸಿಬಿಡುವರು. ಒಮ್ಮೆ ನಾನು, "ನಿಮಗ ಇಲ್ಲಿ ಒಬ್ಬರ ಬ್ಯಾಸರ ಆಗೂದಿಲ್ಲೇನ್ರಿ?" ಎಂದು ಕೇಳಿಬಿಟ್ಟೆ. ರೊಟ್ಟಿ ಮುರಿಯುತ್ತ, "ಮುಂಜಾನಿ ಆಗೂದಿಲ್ರಿ, ಡಬ್ಬಿ ಇರತಾವು" ಎಂದರು. ಮಧ್ಯಾಹ್ನದ ಮಾತು ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷ ಶ್ರಾವಣದಲ್ಲಿ ನನ್ನ ಫಜೀತಿಯಾಯಿತು. ಅರ್ಧ ಚಾರ್ಜಿನಲ್ಲೇ ಗುಡ್ಡಾಪುರಕ್ಕೆ ಹೋದೆ. ಎದುರುಗಾಳಿ, ಸಾಲದ್ದಕ್ಕೆ ಮಹಾರಾಣಿಯಂತೆ ಎಸಿ ಹಾಕಿಕೊಂಡಿದ್ದೆ. ಮರಳಿ ಬರುವಾಗ ಸೊರಡಿ ಸೀಮೆಯಲ್ಲಿ ಕಾರು ಚಾರ್ಜು ತೀರಿತೆಂಬ ಆಮೆಯ ಗುರುತು ತೋರಿಸಿ ನಿಂತಿತು. ಪೆಟ್ರೋಲ್ ತೀರಿದ್ದರೆ ಹೋಗಿಬರುವ ಗಾಡಿಯವರು ಒಂದು ಬಾಟಲಿ ಕೊಟ್ಟಾರು, ಕರೆಂಟು ಯಾರ ಕೈಯಲ್ಲಿ ತರಿಸಲಿ? ಹಗ್ಗ ಕಟ್ಟಿ ಎಳೆಯುತ್ತೇನೆಂದು ಟ್ರ್ಯಾಕ್ಟರಿನವನು ಬಂದ. ಹಾಗೆ ಎಳೆದರೆ ಮೋಟಾರು ಕೆಡುತ್ತದೆಂದು ಪುಸ್ತಕದಲ್ಲಿ ಬರೆದಿದ್ದರು, ಬೇಡವೆಂದೆ. ಅವನು "ಹಂಗಾರ ಪೂಜಾ ಮಾಡ್ಕೋತ ಕುಂದ್ರಿ" ಎಂದು ಹೋದ. ತಮ್ಮನಿಗೆ ಹೇಳುವ ಹಾಗಿಲ್ಲ. ಗಿರಣಿಗೆ ಫೋನು ಮಾಡಿ "ಸೊರಡಿ, ಸೊರಡಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ಒಂದು ತಾಸಿಗೆ ಅಣ್ಣ ಮಂದಿ ತುಂಬಿಕೊಂಡು ಓಡುವ ವಡಾಪಿನ ಜೀಪಿನಿಂದ ಇಳಿದರು. ಹೆಗಲ ಮೇಲೆ ದಪ್ಪ ವಾಯರಿನ ಸುರುಳಿ. ಹೊಲದಲ್ಲಿದ್ದ ನಾಲ್ಕು ಜನರನ್ನು ಕರೆದು, ಕಾರನ್ನು ಮೆಲ್ಲಗೆ ನೂಕಿಸಿ, ಆ ಊರ ಗಿರಣಿಯ ಮುಂದೆ ನಿಲ್ಲಿಸಿದರು. ಗಿರಣಿಯವನ ಹತ್ತಿರ ಅರ್ಧ ಮಾತಾಡಿ ಹಿಂದಿನ ಹಿತ್ತಲಿಗೆ ಹೋಗಿ ಬಂದು, "ಇಲ್ಲಿ ಆಗತೈತಿ, ಹಚ್ಚರಿ" ಎಂದರು. ಒಂದಕ್ಕೆ ಹೋಗಿದ್ದರೆಂದುಕೊಂಡೆ.

ಮುಂದಿನ ವಾರ ಒಂದು ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದ ಯಾದಿ ನನ್ನ ಕೈಗೆ ಕೊಟ್ಟರು. ನಾಲ್ಕನೆಯ ಇಯತ್ತೆಯ ಕನ್ನಡ ಅಕ್ಷರ, ನಡುನಡುವೆ ಮರಾಠಿ. ಸುತ್ತಲಿನ ಊರುಗಳ ಗಿರಣಿಯವರೆಲ್ಲ ಅವರಿಗೆ ಗುರುತು. ಕಲ್ಲಿಗೆ ಹಲ್ಲು ಹಾಕಿಸಲು, ಪಟ್ಟಾ ಕೊಳ್ಳಲು ಒಟ್ಟಿಗೆ ಹೋಗುವವರು. ಅವರನ್ನೆಲ್ಲ ಕೇಳಿಕೊಂಡು ಬರೆದಿದ್ದರು. "ಸೊರಡಿ, 12 ರಿಂದ 3 ಬೀಸೂದಿಲ್ಲ, ಹಿತ್ತಲ ಹಸಿ." "ಬಾಲಗಾಂವ, ಹೆಣ್ಣಮಗಳು ನಡಸತಾಳ, ನಾಚಬ್ಯಾಡ್ರಿ, ಹಿತ್ತಲ ಹಸಿ." "ಗುಡ್ಡಾಪುರ, ಅಮಾಸಿಗೆ ಬ್ಯಾಡ, ಗದ್ದಲ. ಹಿತ್ತಲ ಒಣಾ." ಸರ್ಕಾರದವರು ಮಾಡಿಕೊಡದ ನಕಾಶೆಯನ್ನು ಈ ಮನುಷ್ಯ ನನಗಾಗಿ ಮಾಡಿದ್ದರು. ಹಿತ್ತಲಿನ ಹಸಿ ನನಗೇಕೆ ಬೇಕೆಂದು ಮಾತ್ರ ತಿಳಿಯಲಿಲ್ಲ. ಕೆಸರಿನಲ್ಲಿ ಈಕೆ ಕಾಲು ಜಾರಿ ಬಿದ್ದಾಳೆಂದು ಬರೆದಿರಬೇಕು ಎಂದುಕೊಂಡು, ಪಾಪ ಎಂದು ನಕ್ಕೆ. ಆ ಯಾದಿ ಈಗಲೂ ಕಾರಿನ ಡ್ರಾವರಿನಲ್ಲಿದೆ.

ಇನ್ನು ಆ ಗಿಡದ ಮಾತು. ತಿಂಗಳಾಯಿತು, ಆರು ತಿಂಗಳಾಯಿತು, ಅಲ್ಲಿ ಹುಲ್ಲಿನ ಎಸಳೂ ಮೂಡಲಿಲ್ಲ. ಅಣ್ಣ ಮಾತ್ರ ದಿನಾ ಮಧ್ಯಾಹ್ನ ನನ್ನ ಕಾರು ಬರುವ ಮೊದಲು ಕುಂಟುತ್ತ ಹೋಗಿ ಒಂದು ಕೊಡ ನೀರು ಸುರಿದು ಬರುತ್ತಿದ್ದರು. ಒಬ್ಬಂಟಿ ಮನುಷ್ಯ, ಬರಬರುತ್ತ ತಲೆಯಲ್ಲಿ ಏನೋ ಸಡಿಲಾಗಿದೆ ಎಂದು ನನಗೆ ಅನ್ನಿಸಿತ್ತು. ಕನಿಕರದಿಂದ ಜತ್ತದ ನರ್ಸರಿಯಿಂದ ಒಂದು ಮಲ್ಲಿಗೆ ಸಸಿ ತಂದು, "ಅಲ್ಲಿ ಇದನ್ನರೆ ಹಚ್ಚೂಣ್ರಿ" ಎಂದೆ.

"ಅಲ್ಲಿ ಬ್ಯಾಡ್ರಿ!" ಎಂದರು ಗಾಬರಿಯಾಗಿ. "ಅಲ್ಲಿ ಆಗಳೆ ಒಂದ ಐತಿ."

"ಎಲ್ಲೈತ್ರಿ? ಬರೇ ಮಣ್ಣ!"

"ಬಾಗಲಕ ಹಚ್ಚರಿ. ಇದಕ್ಕ ಬಿಸಲ ಬೇಕು."

ಬಾಗಿಲ ಬಳಿ ಹಚ್ಚಿದೆ. ಆ ಬೇಸಿಗೆ ಕೆಟ್ಟ ಬೇಸಿಗೆ. ಎಂಟು ದಿನಕ್ಕೊಮ್ಮೆ ಟ್ಯಾಂಕರು, ಮನೆಗೆ ಇಷ್ಟೇ ಕೊಡವೆಂದು ಎಣಿಕೆ. ಒಬ್ಬರೇ ಇರುವವರಿಗೆ ಇನ್ನೂ ಕಡಿಮೆ. ಅಣ್ಣ ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಮೈತೊಳೆಯುವ ಹಾಗಾಗಿತ್ತು, ಕೊರಳ ಮಡಿಕೆಯಲ್ಲಿ ಹಿಟ್ಟು ಬೆವರಿಗೆ ಅಂಟಿ ಗಟ್ಟಿಯಾಗಿರುತ್ತಿತ್ತು. ಮಲ್ಲಿಗೆ ಸಸಿ ಬಾಡುತ್ತ ಬಂತು. ಒಂದು ಮಧ್ಯಾಹ್ನ ಹೋದಾಗ ಅದು ಪೂರಾ ಒಣಗಿ ನಿಂತಿದೆ, ಅಣ್ಣ ಹಿಂದೆ ಆ ಬರಿ ಮಣ್ಣಿಗೆ ಕೊಡ ಬಗ್ಗಿಸುತ್ತಿದ್ದಾರೆ! ನನ್ನ ಪಿತ್ತ ನೆತ್ತಿಗೇರಿತು.

"ಏನ್ರಿ ಇದು? ಜೀವ ಇರೂ ಗಿಡಾ ಕೊಂದು ಮಣ್ಣಿಗೆ ನೀರ ಹಾಕತೀರಿ? ತಲಿ ಕೆಟ್ಟೈತೇನ ನಿಮಗ? ಕಲ್ಲಿನ ಸಂಗಾಟ ಇದ್ದು ಇದ್ದು ನೀವೂ ಕಲ್ಲ ಆಗೀರಿ!"

ಅವರು ಕೊಡ ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡುತ್ತ ನಿಂತರು. ಕೇಳಿಸಿರಲಿಕ್ಕಿಲ್ಲ ಎನ್ನುವ ಹಾಗಿಲ್ಲ, ಅವರು ಕೇಳುತ್ತಿದ್ದದ್ದೇ ಹಾಗೆ. "ಇದಕ್ಕೂ ನೀರಡಸತೈತ್ರಿ ಬಾಯಾರ" ಎಂದಷ್ಟೇ ಹೇಳಿ, ಖಾಲಿ ಕೊಡ ಒಳಗೆ ಒಯ್ದರು. ನಾನು ಎರಡು ದಿನ ಅವರ ಸಂಗಡ ಮಾತು ಬಿಟ್ಟೆ. ಕಾರು ಹಚ್ಚಿ, ಮುಖ ತಿರುಗಿಸಿ ಕೂತೆ. ಮೂರನೆಯ ದಿನ ಅವರೇ ಒಂದು ಸಜ್ಜಿರೊಟ್ಟಿ ಹರಿವಾಣದಲ್ಲಿಟ್ಟು ನನ್ನ ಪಕ್ಕಕ್ಕೆ ಸರಿಸಿದರು, ಜಗಳ ಮುಗಿಯಿತು. ಆ ಎರಡು ದಿನ ನನಗೆ ಇನ್ನು ಯಾರು ಮರಳಿ ಕೊಡುತ್ತಾರೆ?

ಕಳೆದ ಚಳಿಗಾಲದ ಒಂದು ಮುಂಜಾನೆ, ನಾನು ಅಂಗಳದಲ್ಲಿ ನಿಂತಿದ್ದೆ. ಗಿರಣಿಯ ಸದ್ದು ಎಂದಿನ ಹಾಗಿರಲಿಲ್ಲ. ದಿನಾ ಗುರ್‍ರ್ ಎನ್ನುವ ಕಲ್ಲು ಅಂದು ಕಿರಗುಟ್ಟುತ್ತಿತ್ತು. ಗಾಳಿಯಲ್ಲಿ ಸುಟ್ಟ ಕಲ್ಲಿನ ವಾಸನೆ. ಮೊಣಕಾಲು ನೋವು ಮರೆತು ಓಡಿದೆ. ಕಲ್ಲು ಖಾಲಿ ತಿರುಗುತ್ತಿತ್ತು. ಇಬ್ಬರು ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು. ಅಣ್ಣನಿಗೆ ಜೋಂಪು ಹತ್ತಿದೆಯೆಂದು ಎಬ್ಬಿಸದೆ ಕಾಯುತ್ತಿದ್ದರಂತೆ. ಅವರು ಚೀಲಕ್ಕೆ ಆತು ಕೂತಿದ್ದರು, ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಹಿಟ್ಟು. ಪಟ್ಟಾ ಇಳಿಸಲು ಬಾರದೆ ನಾನು ಮೇನ್ ಸ್ವಿಚ್ಚನ್ನೇ ಕೆಳಗೆಳೆದೆ.

ಕುರಿ ಬಿಟ್ಟು ತಮ್ಮಂದಿರು ಬರುವುದರೊಳಗೆ ಮರುದಿನ ಹೊತ್ತೇರಿತ್ತು. ಮಣ್ಣು ಮಾಡಿದರು. ಐದು ದಿನವಿದ್ದು ಮತ್ತೆ ಕುರಿಯ ಕಡೆ ಹೊರಟರು, ಕುರಿ ದುಃಖ ಕೇಳುವುದಿಲ್ಲ. ಹೋಗುವಾಗ ಸಣ್ಣ ತಮ್ಮ ಗಿರಣಿಯ ಕೀಲಿ ನನ್ನ ಕೈಗಿಟ್ಟು, "ಮಳಿಗೆ ಬರತೀವ್ರಿ, ಆಮ್ಯಾಲೆ ಗಿರಣಿದು ಏನರೆ ನೋಡೂಣು. ನೀವು ಗಾಡಿ ಹಚ್ಚಕೋತ ಇರ್ರಿ. ಅಣ್ಣ ಯಾವಾಗ್ಲೂ ಅಂತಿದ್ದಾ, ಬಾಯಾರ ಗಾಡಿ ನಿಲ್ಲಬಾರದು ಅಂತ" ಎಂದ.

ಗಿರಣಿಯ ಕಟ್ಟೆಯ ಮೇಲೆ ಒಬ್ಬಳೇ ಕೂರತೊಡಗಿದೆ. ಪಾಳಿಯಲ್ಲಿ ಡಬ್ಬಿ ಇಲ್ಲ. ಹೆಂಗಸರೆಲ್ಲ ಮಗ್ಗುಲಿನ ಊರಿಗೆ ಬೀಸಲು ಹೋಗುತ್ತಿದ್ದರು. ಕಾರಿನ ಗಾಜಿನ ಮೇಲೆ ಅಣ್ಣ ಕೊನೆಗೆ ಬರೆದ ಒಂಬತ್ತನ್ನು ಒರೆಸಲು ನನಗೆ ಕೈ ಬರಲಿಲ್ಲ. ಏಳೆಂಟು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಹಚ್ಚಿದರೆ ಕೆಂಪು ದೀಪ. ಮರುದಿನವೂ ಕೆಂಪು, ಅದರ ಮರುದಿನವೂ ಕೆಂಪು. ಪ್ಲಗ್ಗು ಒರೆಸಿದೆ, ಬೈದೆ, ಕೈಮುಗಿದೆ. ಕೊನೆಗೆ ಸೋತು ತಮ್ಮನಿಗೆ ನಿಜ ಹೇಳಿದೆ.

"ಸಾಕ ಮಾಡ ಅಕ್ಕಾ. ಎಷ್ಟಂತ ಹೋರಾಡತಿ ಒಬ್ಬಾಕಿ? ನನ್ನ ಗುರುತಿನಾವ ಗಿರಾಕಿ ಅದಾನ, ಐತವಾರ ಕರಕೊಂಡ ಬರತೇನಿ. ನೀನೂ ಅರಿವಿ ಕಟ್ಟಕೊಂಡ ತಯಾರಿರು."

"ಹೂಂ" ಎಂದೆ. ಮೊದಲ ಸಲ ಜಗಳವಾಡದೆ ಹೂಂ ಎಂದೆ. ಟ್ರಂಕಿನಲ್ಲಿ ಸೀರೆ ಇಡುವಾಗ ಆ ಖೋಲಿಯ ಕಿಟಕಿ ಕಣ್ಮುಂದೆ ಬಂತು. ಯಾರಿಗೆ ಹೇಳಲಿ? ಹೇಳುತ್ತಿದ್ದ ಒಂದು ಜಾಗವೂ ಕೀಲಿ ಹಾಕಿಕೊಂಡಿತ್ತು.

ಗಿರಾಕಿಗೆ ಗಾಡಿ ಓಡಿಸಿ ತೋರಿಸಬೇಕಲ್ಲ, ಅಷ್ಟಕ್ಕಾದರೂ ಚಾರ್ಜು ಬೇಕೆಂದು ಶನಿವಾರ ವಾಯರಮನ್ನನ್ನು ಕರೆಸಿದೆ. ಎರಡು ವರ್ಷದ ಹಿಂದೆ ಬಂದವನೇ. ಬೋರ್ಡು ಬಿಚ್ಚಿ, ಟೆಸ್ಟರ್ ಬಲ್ಬು ಹಚ್ಚಿ ನೋಡಿ, ಗಿರಣಿಯ ಹಿಂದೆ ಹೋದ. ಅಲ್ಲಿಂದ ಕೂಗಿದ.

"ಬಾಯಾರ, ಇಲ್ಲಿ ಬರ್ರಿ. ಅರ್ಥಿಂಗ್ ಪೂರಾ ಒಣಗೇತ್ರಿ! ನೀರ ಹಾಕಿಲ್ಲೇನ?"

ಅವನು ನಿಂತಿದ್ದದ್ದು ಆ ಕಲ್ಲು ಜೋಡಿಸಿದ ಮಣ್ಣಿನ ಹತ್ತಿರ. ಮಣ್ಣು ಒಣಗಿ ಬಿರುಕು ಬಿಟ್ಟಿತ್ತು.

"ಅದು... ಗಿಡಾ ಅಂದಿದ್ರು" ಎಂದೆ.

"ಎಲ್ಲೀ ಗಿಡಾರಿ? ಕೆಳಗ ತಾಮ್ರದ ಪಟ್ಟಿ ಐತಿ. ಇದ್ದಲಿ, ಉಪ್ಪ ಹಾಕಿ ನಾನ ಹುಗದೇನಿ. ಮೋಟಾರಿಗೆ ಇದು ಇರದಿದ್ರೂ ನಡೀತಿತ್ತು, ಇದನ್ನ ನಿಮ್ಮ ಗಾಡಿ ಸಲುವಾಗೆ ಅಣ್ಣ ಮಾಡಸಿದ್ದು. ಈ ಮಣ್ಣ ನೀರ ಹಿಡಿಯೂದಿಲ್ಲ, ದಿನಾ ಒಂದ ಕೊಡಾ ಹಾಕಬೇಕು, ಒಣಗಿತಂದ್ರ ಗಾಡಿ ಕರೆಂಟ ತಗೊಳ್ಳೂದಿಲ್ಲ ಅಂತ ಹೇಳಿದ್ದೆ." ಅವನು ತಲೆ ಕೆರೆದುಕೊಂಡ. "ಬಾಯಾರಿಗೆ ಹೇಳಬ್ಯಾಡ, ತ್ರಾಸ ಆತು ಅಂತ ಗಾಡಿ ಮಾರಿ ಹೋಗಿಬಿಡತಾರ ಅಂತ ನನ್ನ ಕಡೆ ಆಣಿ ತಗೊಂಡಿದ್ರು. ಈಗ ಅವರ ಇಲ್ಲ."

ನಾನು ಅಲ್ಲೇ ಕೂತುಬಿಟ್ಟೆ. ಮೂವತ್ತೊಂದು ವರ್ಷ ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸಿದವಳು ನಾನು. ಭೂಸಂಪರ್ಕ ಎಂದರೇನು, ಅದರ ಸುತ್ತ ತೇವ ಏಕಿರಬೇಕು, ಎರಡು ಅಂಕದ ಪ್ರಶ್ನೆ; ಬರೆಯದ ಹುಡುಗರ ಕಿವಿ ಹಿಂಡಿದ್ದೇನೆ. ಕಣ್ಣೆದುರಿಗೆ ಎರಡು ವರ್ಷ ಇದ್ದದ್ದು ನನಗೆ ಕಾಣಲಿಲ್ಲ. ಲಗ್ನಪತ್ರಿಕೆಯ ಮೇಲೆ ಅವರು ಒಂದೊಂದು ಊರಿಗೂ ಬರೆದಿಟ್ಟಿದ್ದರಲ್ಲ, ಹಿತ್ತಲ ಹಸಿ, ಹಿತ್ತಲ ಒಣಾ! ಆ ಬೇಸಿಗೆಯಲ್ಲಿ ಮೈಗೆ ಹಾಕಿಕೊಳ್ಳಬೇಕಿದ್ದ ನೀರನ್ನು ತಂದು ಅವರು ಇಲ್ಲಿ ಸುರಿಯುತ್ತಿದ್ದರು, ನಾನು ಅವರನ್ನು ಕಲ್ಲು ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದನ್ನು ಅವರು ನೋಡಿದರು. ನೋಡಿಯೂ ಮರುದಿನ ನೀರು ಹಾಕಿದರು.

ವಾಯರಮನ್ ಒಂದು ಕೊಡ ನೀರು ತಂದ. ನಾನು ಅವನ ಕೈಯಿಂದ ಕಸಿದುಕೊಂಡು, ನಾನೇ ಬಗ್ಗಿಸಿದೆ. ಮಣ್ಣು ಗಟಗಟನೆ ಕುಡಿಯಿತು. ಇನ್ನೊಂದು ತಂದು ಹಾಕಿದೆ. ಸ್ವಲ್ಪ ಹೊತ್ತು ಕಾದು ಕಾರಿಗೆ ಹಚ್ಚಿದರೆ ಹಸಿರು ದೀಪ. ಅವನೆದುರಿಗೇ ಬಿಕ್ಕಿ ಬಿಕ್ಕಿ ಅತ್ತೆ. ಅವನು ಪಾಪ, ಇಕ್ಕಳ ಹಿಡಿದು ಬಿಚ್ಚಿದ ಬೋರ್ಡನ್ನು ಮತ್ತೆ ಮುಚ್ಚತೊಡಗಿದ.

ಐತವಾರ ತಮ್ಮ ಗಿರಾಕಿಯನ್ನು ಕರೆದುಕೊಂಡು ಬಂದ. ಇಬ್ಬರಿಗೂ ಉಪ್ಪಿಟ್ಟು, ಚಹಾ ಕೊಟ್ಟು, ಗಾಡಿ ಮಾರುವುದಿಲ್ಲವೆಂದೆ. ತಮ್ಮನಿಗೆ ಸಿಟ್ಟು ಬಂತು, ಬರಲಿ. "ನಾಳೆ ಮತ್ತ ನಿಂತ್ರ?" ಎಂದ. "ನಿಲ್ಲೂದಿಲ್ಲ" ಎಂದೆ. ಟ್ರಂಕಿನ ಸೀರೆಗಳು ಮತ್ತೆ ಕಪಾಟಿಗೆ ಹೋದವು.

ಈಗ ದಿನಾ ಮಧ್ಯಾಹ್ನ ನಾನು ಗಿರಣಿಯ ಕೀಲಿ ತೆಗೆಯುತ್ತೇನೆ. ತುಂಬಿದ ಕೊಡ ಎತ್ತಲಾಗುವುದಿಲ್ಲ, ಅರ್ಧರ್ಧ ಮಾಡಿ ಎರಡು ಸಲ ಒಯ್ಯುತ್ತೇನೆ. ಗಿರಣಿಯ ಒಳಗಿನಿಂದ ಅಲ್ಲಿಗೆ ಎಷ್ಟು ಹೆಜ್ಜೆಯೋ, ಅವರ ಸೊಟ್ಟ ಕಾಲಿಗೂ ನನ್ನ ಮೊಣಕಾಲಿಗೂ ಗೊತ್ತು. ಕಾರು ಹಚ್ಚಿ ಕಟ್ಟೆಯ ಮೇಲೆ ಕೂರುತ್ತೇನೆ. ಮಾತಾಡಬೇಕೆನ್ನಿಸುತ್ತದೆ, ಎದುರಿಗೆ ಮುಖ ಇಲ್ಲ. ಮೊನ್ನೆ ಹೊಸದಾಗಿ ಊರಿಗೆ ಬಂದ ಮದುಮಗಳೊಬ್ಬಳು, ಗಿರಣಿ ಬಂದ್ ಆಗಿದ್ದು ತಿಳಿಯದೆ ಡಬ್ಬಿ ಹೊತ್ತು ಬಂದವಳು, ನಾನು ಹಿಂದೆ ನೀರು ಹಾಕುವುದನ್ನು ಕಂಡು ನಿಂತಳು.

"ಬಾಯಾರ, ಬರೇ ಮಣ್ಣಿಗೆ ಯಾಕ ನೀರ ಹಾಕತೀರಿ? ಏನ ಹಚ್ಚೀರಿ ಅಲ್ಲಿ?"

ಮೂವತ್ತೊಂದು ವರ್ಷ ಕಲಿಸಿದ ಬಾಯಿ, ಬಿಡಿಸಿ ಹೇಳಬಹುದಿತ್ತು. ಕೊಡ ಪೂರಾ ಬಗ್ಗಿಸಿ, ಕೊನೆಯ ಹನಿ ಬೀಳುವ ತನಕ ಹಿಡಿದುಕೊಂಡೆ.

"ಗಿಡಾ ಐತವ್ವ" ಎಂದೆ. "ಬರತೈತಿ, ನೋಡೂಣು."